ಒಂದು ಬಾರಿಗೆ ಒಂದೇ ಬದಲಾವಣೆ

ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಹಾಕಿದ ಮಸೂದೆಯೊಂದರಲ್ಲಿ ಸಣ್ಣ ವಿನಾಯಿತಿಯೊಂದಿತ್ತು. ಸ್ವಂತ ಬಳಕೆಗಾಗಿ ಮನೆಯಲ್ಲಿ ಬಿಯರ್ ತಯಾರಿಸುವವರು ಒಕ್ಕೂಟ ಸರ್ಕಾರಕ್ಕೆ ತೆರಿಗೆ ಕಟ್ಟಬೇಕಿಲ್ಲ ಎಂಬುದು ಅದರ ಸಾರ. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್. ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ ಅದರ ಎರಡರಷ್ಟು. ಮಾರುವಂತಿಲ್ಲ, ಬಟ್ಟಿ ಇಳಿಸುವಂತಿಲ್ಲ. ಪಾನನಿರೋಧ 1933ರಲ್ಲಿ ಕೊನೆಗೊಂಡಾಗ ಮನೆಯಲ್ಲಿ ವೈನ್ ತಯಾರಿಸಲು ದೊರೆತ ಅವಕಾಶ ಬಿಯರಿಗೆ ದೊರೆತಿರಲಿಲ್ಲ. ಆ ಲೋಪವನ್ನು ಸರಿಪಡಿಸಲು ನಾಲ್ಕೂವರೆ ದಶಕ ಬೇಕಾಯಿತು.

ಆ ಹೊತ್ತಿಗೆ ಅಮೆರಿಕದಲ್ಲಿದ್ದ ಬ್ರೂವರಿಗಳು ನೂರಕ್ಕಿಂತ ಕಡಿಮೆ. ಮಾರುಕಟ್ಟೆಯು ಕೆಲವೇ ದೊಡ್ಡ ಕಂಪನಿಗಳ ಕೈಯಲ್ಲಿತ್ತು. ಅವು ಮಾರುತ್ತಿದ್ದ ತೆಳು ಲಾಗರ್‌ಗಳಿಗೆ ಬಹುಮಟ್ಟಿಗೆ ಒಂದೇ ರುಚಿ. ಕ್ಯಾಲಿಫೋರ್ನಿಯಾದ ಚಿಕೋ ಪಟ್ಟಣದಲ್ಲಿ ಮನೆಬಿಯರಿನ ಸಾಮಗ್ರಿ ಮಾರುತ್ತಿದ್ದ ಕೆನ್ ಗ್ರಾಸ್‌ಮನ್, ಸಂಗಡಿಗರೊಬ್ಬರೊಡನೆ ಸೇರಿ 1980ರಲ್ಲಿ ‘ಸಿಯೆರಾ ನೆವಾಡಾ’ ಹೆಸರಿನ ಪೇಲ್ ಏಲ್ ತಯಾರಿಸಲಾರಂಭಿಸಿದರು. 1972ರಲ್ಲಿ ಬಿಡುಗಡೆಯಾಗಿದ್ದ ‘ಕ್ಯಾಸ್ಕೇಡ್’ ಎಂಬ ಹಾಪ್ಸ್ ತಳಿಯ ಕಿತ್ತಳೆ ಜಾತಿಯ ಪರಿಮಳವು ಅದರಿಂದ ಮನೆಮಾತಾಯಿತು. ದೇಶದ ಬ್ರೂವರಿಗಳ ಸಂಖ್ಯೆ 2023ರ ವೇಳೆಗೆ ಒಂಬತ್ತು ಸಾವಿರವನ್ನು ಮೀರಿತ್ತು. ಇದೆಲ್ಲವೂ ಒಂದು ವಿನಾಯಿತಿಯ ಫಲವೆಂದರೆ ಅತಿಶಯೋಕ್ತಿಯಾದೀತು. ಆದರೆ ಈ ಉದ್ಯಮಕ್ಕೆ ಬಂದ ಅನೇಕರು ಕಲಿತದ್ದು ಅಡುಗೆಮನೆಯಲ್ಲಿ ಎಂಬುದು ನಿಜ.

ಅವರು ಅತ್ಯಂತ ಆಸ್ಥೆಯಿಂದ ತಿದ್ದಿ ತೀಡಿದ ಪಾನೀಯದ ಹೆಸರಿನಲ್ಲೇ ನಮ್ಮ ದೇಶವಿದೆ: ಇಂಡಿಯಾ ಪೇಲ್ ಏಲ್, ಸಂಕ್ಷೇಪದಲ್ಲಿ ಐಪಿಎ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಬೋ ಪ್ರದೇಶದ ಹಾಡ್ಗ್‌ಸನ್ ಬ್ರೂವರಿಯ ಕಹಿ ಬಿಯರು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಇಲ್ಲಿಗೆ ಬರುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಪಟ್ಟಣದ ಆಲ್ಸಪ್ ಮತ್ತು ಬಾಸ್ ಕಂಪನಿಗಳು ಆ ವ್ಯಾಪಾರಕ್ಕೆ ಇಳಿದವು. ಬರ್ಟನ್ನಿನ ಬಾವಿಗಳ ನೀರಿನಲ್ಲಿ ಜಿಪ್ಸಮ್ ಅಧಿಕ. ಅದು ಹಾಪ್ಸಿನ ಕಹಿಗೆ ಸ್ಪಷ್ಟತೆ ನೀಡುತ್ತದೆ. ತಿಂಗಳುಗಟ್ಟಲೆ ಸಮುದ್ರಯಾನವನ್ನು ತಾಳಿಕೊಂಡ ಬಿಯರಿನ ಹೆಸರು ಹೊತ್ತ ಇಂದಿನ ಐಪಿಎ, ತಯಾರಾದ ಕೆಲವೇ ವಾರಗಳಲ್ಲಿ ತನ್ನ ಪರಿಮಳವನ್ನು ಕಳೆದುಕೊಳ್ಳತೊಡಗುತ್ತದೆ.

ಇದನ್ನು ಚೆನ್ನಾಗಿ ತಯಾರಿಸುವುದು ಏಕೆ ಕಷ್ಟ? ಹಾಪ್ಸ್ ಎಂಬುದು ಒಂದು ಬಳ್ಳಿಯ ಹೂ. ಅದರಲ್ಲಿರುವ ಆಲ್ಫಾ ಆಮ್ಲಗಳು ದೀರ್ಘಕಾಲ ಕುದಿದು ರೂಪಾಂತರಗೊಂಡಾಗ ಕಹಿ ಹುಟ್ಟುತ್ತದೆ. ಪರಿಮಳ ನೀಡುವ ಎಣ್ಣೆಗಳಾದರೋ ಕುದಿದಷ್ಟೂ ಆವಿಯಾಗಿ ಹೋಗುತ್ತವೆ. ಸಾರನ್ನು ಇಳಿಸುವ ಹೊತ್ತಿಗೆ ಕೊತ್ತಂಬರಿ ಸೊಪ್ಪು ಹಾಕುವವರಿಗೆ ಈ ರಸಾಯನಶಾಸ್ತ್ರವನ್ನು ಹೇಳಿಕೊಡಬೇಕಿಲ್ಲ. ಆದ್ದರಿಂದ ಒಂದು ಪಾಲು ಹಾಪ್ಸನ್ನು ಒಂದು ಗಂಟೆ ಕುದಿಸಿ, ಇನ್ನೊಂದು ಪಾಲನ್ನು ಉರಿ ಆರಿಸಿದ ಮೇಲೆ ಹಾಕಿ, ಮತ್ತೊಂದು ಪಾಲನ್ನು ಹುದುಗು ಮುಗಿಯುತ್ತ ಬಂದಾಗ ಮೂರು ನಾಲ್ಕು ದಿನ ನೆನೆಸಿಡುತ್ತಾರೆ.

ಮನೆಯವರ ಪಾತ್ರೆ ಸಾಮಾನ್ಯವಾಗಿ 19 ಲೀಟರಿನದು. ಹೊಸಬರ ಮೊದಲ ಐಪಿಎ ಬಹುತೇಕ ಒರಟು ಕಹಿಯದಾಗಿರುತ್ತದೆ, ಅಥವಾ ಹುರಿದ ಸಕ್ಕರೆಯ ರುಚಿ ತರುವ ಮಾಲ್ಟ್ ಹೆಚ್ಚಾಗಿ ಹಾಪ್ಸಿನ ಪರಿಮಳ ಮುಚ್ಚಿಹೋಗಿರುತ್ತದೆ. ಬಾಟಲಿ ತುಂಬುವಾಗ ಗಾಳಿ ಸೇರಿದರೆ ಬಣ್ಣ ಕಂದಿ, ಒದ್ದೆ ರಟ್ಟಿನಂಥ ವಾಸನೆ ಬರುತ್ತದೆ. ಅಸಹನೆಯುಳ್ಳವರು ಮುಂದಿನ ಸಲ ಮಾಲ್ಟ್, ಯೀಸ್ಟ್, ನೀರು, ಹಾಪ್ಸ್ ನಾಲ್ಕನ್ನೂ ಬದಲಿಸುತ್ತಾರೆ. ರುಚಿ ಸುಧಾರಿಸಿದರೂ ಸುಧಾರಿಸಿದ್ದು ಯಾವುದರಿಂದ ಎಂಬುದು ಅವರಿಗೆ ತಿಳಿಯುವುದಿಲ್ಲ. ತಾಳ್ಮೆಯುಳ್ಳವರು ಉಳಿದುದನ್ನೆಲ್ಲ ಯಥಾಸ್ಥಿತಿಯಲ್ಲಿಟ್ಟು ಒಂದನ್ನೇ ಬದಲಿಸುತ್ತಾರೆ. ತೂಕ, ಉಷ್ಣತೆ, ಸಮಯಗಳನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಒಂದು ಸುತ್ತಿಗೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಹಾಗಾಗಿ ವರ್ಷವೊಂದಕ್ಕೆ ಕಲಿಯಬಹುದಾದದ್ದು ಹತ್ತು ಹನ್ನೆರಡು ಸಂಗತಿಗಳನ್ನು ಮಾತ್ರ.

ಬದಲಾವಣೆಯಿಂದ ನಿಜಕ್ಕೂ ವ್ಯತ್ಯಾಸವಾಯಿತೇ ಎಂದು ತೀರ್ಮಾನಿಸುವುದಕ್ಕೂ ಒಂದು ಕ್ರಮವಿದೆ. ರುಚಿ ನೋಡುವವರ ಮುಂದೆ ಮೂರು ಲೋಟಗಳನ್ನಿಡುತ್ತಾರೆ. ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆಯದು. ಬೇರೆಯದು ಯಾವುದೆಂದು ಗುರುತಿಸಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲೊಂದು ಸಲ ಉತ್ತರ ಸರಿಯಾಗುತ್ತದೆ. ಆದ್ದರಿಂದ 12 ಮಂದಿಯಲ್ಲಿ ಕನಿಷ್ಠ 8 ಮಂದಿ ಸರಿಯಾಗಿ ಗುರುತಿಸಿದರೆ ಮಾತ್ರ ವ್ಯತ್ಯಾಸವಿದೆ ಎಂದು ಒಪ್ಪುವುದು ವಾಡಿಕೆ. ತಯಾರಿಸಿದವರ ಹೆಮ್ಮೆಗೆ ಇಲ್ಲಿ ಜಾಗವಿಲ್ಲ. ಚಿಕ್ಕ ಮಾದರಿಗಳಿಂದ ನಂಬಲರ್ಹ ತೀರ್ಮಾನಕ್ಕೆ ಬರುವ ಸಂಖ್ಯಾಶಾಸ್ತ್ರಕ್ಕೂ ಬಿಯರಿಗೂ ನಂಟಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಕಲಿಯುವ ‘ಟಿ’ ಪರೀಕ್ಷೆಯ ಮೂಲವಾದ ಪ್ರಬಂಧವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ವಿಲಿಯಂ ಗಾಸೆಟ್, ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯ ಉದ್ಯೋಗಿ.

ಮದ್ಯಪಾನದ ಪರ ವಕಾಲತ್ತು ವಹಿಸುವುದು ಈ ಲೇಖನದ ಉದ್ದೇಶವಲ್ಲ. ಕುಡಿತವು ಬಡ ಕುಟುಂಬಗಳಲ್ಲಿ ಮಾಡುವ ಹಾನಿಯನ್ನು ಬಲ್ಲವರಾರೂ ಅದಕ್ಕೆ ಮುಂದಾಗಲಾರರು. 2011ರಿಂದೀಚೆಗೆ ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಐಪಿಎ ದೊರೆಯುತ್ತಿದ್ದರೂ, 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅದನ್ನು ಸಡಿಲಿಸಬೇಕೇ ಎಂಬುದು ಬೇರೆಯೇ ಚರ್ಚೆ. ಇಲ್ಲಿ ಹೇಳಬೇಕಾದದ್ದು ಆ ಪುಸ್ತಕದ ಬಗ್ಗೆ, ಆ ಮೂರು ಲೋಟಗಳ ಬಗ್ಗೆ.

ಸರ್ಕಾರಿ ಯೋಜನೆಗಳನ್ನು ನಾವು ತಿದ್ದುವ ರೀತಿ ಅಸಹನೆಯ ಬಿಯರು ತಯಾರಕರದೇ. ಒಂದೇ ಆದೇಶದಲ್ಲಿ ಫಲಾನುಭವಿಗಳ ಅರ್ಹತೆ, ಸಹಾಯಧನದ ಮೊತ್ತ, ಅನುಷ್ಠಾನದ ಇಲಾಖೆ, ಕೊನೆಗೆ ಯೋಜನೆಯ ಹೆಸರು ಕೂಡ ಬದಲಾಗುತ್ತದೆ. ಫಲ ದೊರೆತರೆ ಶ್ರೇಯಸ್ಸಿಗೆ ಹಕ್ಕುದಾರರು ಹಲವರು. ಕಾರಣ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಮೌಲ್ಯಮಾಪನವನ್ನು ಅನುಷ್ಠಾನಗೊಳಿಸಿದ ಇಲಾಖೆಯೇ ಮಾಡುವುದೆಂದರೆ, ತನ್ನ ಬಿಯರಿನ ರುಚಿಗೆ ತಾನೇ ತೀರ್ಪುಗಾರನಾದಂತೆ. ಬೇರೆ ದಾರಿ ಇಲ್ಲವೆಂದಲ್ಲ. ಮೆಕ್ಸಿಕೋ ದೇಶವು 1997ರಲ್ಲಿ ಆರಂಭಿಸಿದ ‘ಪ್ರೊಗ್ರೆಸಾ’ ಯೋಜನೆಯನ್ನು ಕೆಲವು ಹಳ್ಳಿಗಳಲ್ಲಿ ಮೊದಲು, ಕೆಲವು ಹಳ್ಳಿಗಳಲ್ಲಿ ತಡವಾಗಿ ಜಾರಿಗೊಳಿಸಿ, ಹೊರಗಿನ ತಜ್ಞರಿಂದ ಅಳೆಯಿಸಿತು. ಮಕ್ಕಳ ಶಾಲಾ ದಾಖಲಾತಿ ಹೆಚ್ಚಿದ್ದು ಯೋಜನೆಯಿಂದಲೇ ಎಂದು ಹೇಳಲು ಆಧಾರ ದೊರೆತದ್ದು ಹಾಗೆ.

ಎಲ್ಲ ಯೋಜನೆಗಳಿಗೂ ಇಂಥ ಪರೀಕ್ಷೆ ಸಾಧ್ಯವಿಲ್ಲ. ಬರಗಾಲದಲ್ಲಿ ಕೂಳು ಹಂಚುವಾಗ ಅರ್ಧ ಊರನ್ನು ಕಾಯಿಸಲಾಗದು. ಆದರೆ ಬದಲಾವಣೆಯ ದಿನಾಂಕ, ಕಾರಣ, ನಿರೀಕ್ಷಿತ ಫಲಗಳನ್ನು ಮೊದಲೇ ಬರೆದಿಡಲು ಹಣವೂ ಬೇಡ, ಹೊಸ ಕಾನೂನೂ ಬೇಡ. ಮುಂದಿನ ಆಯವ್ಯಯದಲ್ಲಿ ಯಾವುದಾದರೂ ಯೋಜನೆಯ ಪರಿಷ್ಕರಣೆ ಪ್ರಕಟವಾದಾಗ, ಹಿಂದಿನ ಪರಿಷ್ಕರಣೆಯಿಂದ ಆದದ್ದೇನು, ಅದನ್ನು ಅಳೆದವರು ಯಾರು ಎಂದು ಶಾಸಕರು ಸದನದಲ್ಲಿ ಕೇಳಲಿ. ಅದಕ್ಕೆ ಕಡತದಲ್ಲಿ ಉತ್ತರವಿರುವಂತೆ ನೋಡಿಕೊಳ್ಳುವುದು ಅಧಿಕಾರಿಗಳ ಕರ್ತವ್ಯ.