ತಲೆಬುರುಡೆ ಕೊರೆಯದೇ ಮಿದುಳಿಗೆ ಆಪರೇಷನ್: ಕೈ ನಡುಕಕ್ಕೆ ಶಬ್ದದ ಚಿಕಿತ್ಸೆ ಹೇಗೆ ನಡೆಯುತ್ತೆ?

ಟೀ ಲೋಟ ಹಿಡಿದರೆ ಅರ್ಧ ಚೆಲ್ಲುತ್ತೆ. ಸಹಿ ಹೊಂದಲ್ಲ ಅಂತ ಚೆಕ್ ವಾಪಸ್ ಬರುತ್ತೆ. ‘ಕುಡಿತ ಇರಬೇಕು’ ಅಂತ ಹಿಂದಿನಿಂದ ಆಡಿಕೊಳ್ಳುವವರೂ ಇದ್ದಾರೆ. ಕೈ ನಡುಕ ಇರುವವರ ಕಷ್ಟ ಅವರಿಗೇ ಗೊತ್ತು. ವಯಸ್ಸಾಯ್ತು ಅಂತ ಕೆಲವರು ಸುಮ್ಮನಾಗ್ತಾರೆ, ಕೆಲವರು ಪಾರ್ಕಿನ್ಸನ್ ಅಂತ ಹೆದರಿಬಿಡ್ತಾರೆ.

ಪಾರ್ಕಿನ್ಸನ್‌ನಲ್ಲಿ ಸಾಮಾನ್ಯವಾಗಿ ಕೈ ಸುಮ್ಮನಿದ್ದಾಗ ನಡುಗುತ್ತೆ. ಲೋಟ ಎತ್ತುವಾಗ, ಬರೆಯುವಾಗ ನಡುಗಿದರೆ ಅದು ಹೆಚ್ಚಾಗಿ ‘ಎಸೆನ್ಷಿಯಲ್ ಟ್ರೆಮರ್’. ಇದಕ್ಕೆ ಮೊದಲು ಕೊಡುವುದು ಮಾತ್ರೆಯೇ: ಪ್ರೊಪ್ರನಲಾಲ್ ಅಥವಾ ಪ್ರಿಮಿಡೋನ್. ಮಾತ್ರೆಗೆ ಬಗ್ಗದ ನಡುಕಕ್ಕೆ ‘ಫೋಕಸ್ಡ್ ಅಲ್ಟ್ರಾಸೌಂಡ್’ ಬಳಸಲು ಅಮೆರಿಕದ ಎಫ್‌ಡಿಎ 2016ರಲ್ಲಿ ಒಪ್ಪಿಗೆ ಕೊಟ್ಟಿತು.

ಗರ್ಭಿಣಿಯರ ಸ್ಕ್ಯಾನಿಂಗ್‌ಗೆ ಬಳಸುವಂಥ, ಕಿವಿಗೆ ಕೇಳಿಸದ ಶಬ್ದವೇ ಇಲ್ಲೂ ಕೆಲಸ ಮಾಡೋದು. ಚಿಕ್ಕವರಿದ್ದಾಗ ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಟ್ಟಿದ್ದೀರಲ್ಲ, ಹಾಗೇ. ತಲೆಗೆ ಹಾಕುವ ಹೆಲ್ಮೆಟ್‌ನಂಥ ಸಾಧನದಲ್ಲಿ 1,024 ಕಡೆಯಿಂದ ಶಬ್ದದ ಅಲೆ ಹೊರಡುತ್ತೆ. ಒಂದೊಂದು ಅಲೆಯೂ ದುರ್ಬಲ, ದಾರಿಯಲ್ಲಿ ಏನನ್ನೂ ಸುಡಲ್ಲ. ಎಲ್ಲವೂ ಸೇರುವ ಜಾಗ ಮಾತ್ರ ಕಾಯುತ್ತೆ. ಮಿದುಳಿನ ಒಳಗಿರುವ ಥಲಾಮಸ್‌ನ ಕೆಲವೇ ಮಿಲಿಮೀಟರ್ ಭಾಗ 55–60 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ನಡುಕ ಹಬ್ಬಿಸುವ ಜೀವಕೋಶಗಳು ಸಾಯುತ್ತವೆ.

1950ರ ದಶಕದಲ್ಲೇ ಇಲಿನಾಯ್ ವಿಶ್ವವಿದ್ಯಾಲಯದ ಫ್ರೈ ಸಹೋದರರು ಇದನ್ನು ಪ್ರಯತ್ನಿಸಿದ್ದರು. ಆದರೆ ಮೂಳೆ ಶಬ್ದವನ್ನು ಚದುರಿಸುತ್ತೆ, ಹಾಗಾಗಿ ಬುರುಡೆಯ ತುಂಡು ತೆಗೆಯಲೇಬೇಕಿತ್ತು. ಈಗ ಸಿಟಿ ಸ್ಕ್ಯಾನ್‌ನಲ್ಲಿ ಮೂಳೆ ಅಳೆದು, ಅದಕ್ಕೆ ತಕ್ಕಂತೆ ಕಂಪ್ಯೂಟರ್ ಒಂದೊಂದು ಅಲೆಯನ್ನೂ ಹಿಂದೆಮುಂದೆ ಮಾಡುತ್ತೆ. ಒಳಗೆ ಎಷ್ಟು ಬಿಸಿಯಾಗಿದೆ ಅಂತ ಎಂಆರ್‌ಐ ತೋರಿಸುತ್ತೆ.

ರೋಗಿ ಎಚ್ಚರವಾಗೇ ಇರ್ತಾರೆ. ಮೊದಲು ಕಡಿಮೆ ಬಿಸಿ ಕೊಟ್ಟು, ಚಕ್ಕುಲಿಯಂಥ ಸುರುಳಿ ಬರೆಸಿ ನೋಡ್ತಾರೆ. ಗೆರೆ ನೆಟ್ಟಗಾದರೆ ಜಾಗ ಸರಿ ಇದೆ ಅಂತ ಲೆಕ್ಕ. ಆಮೇಲೇ ಪೂರ್ತಿ ಬಿಸಿ.

ಹಾಗಂತ ಇದು ಮಾಯ ಅಲ್ಲ. ತಲೆ ಬೋಳಿಸಿ, ಚೌಕಟ್ಟು ಬಿಗಿದು, ಎಂಆರ್‌ಐನಲ್ಲಿ ಕೆಲವು ಗಂಟೆ ಮಲಗಬೇಕು. 2016ರಲ್ಲಿ ಪ್ರಕಟವಾದ 76 ಜನರ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದವರ ಕೈ ನಡುಕ ಮೂರು ತಿಂಗಳಿಗೆ ಸರಾಸರಿ ಶೇ. 47ರಷ್ಟು, ವರ್ಷದ ಕೊನೆಗೆ ಶೇ. 40ರಷ್ಟು ತಗ್ಗಿತ್ತು. ವರ್ಷವಾದರೂ ಶೇ. 14ರಷ್ಟು ಜನರಿಗೆ ಜೋಮು, ಶೇ. 9ರಷ್ಟು ಜನರಿಗೆ ನಡಿಗೆಯ ತೊಂದರೆ ಉಳಿದಿತ್ತು. ಕೆಲವರಿಗೆ ನಡುಕ ಮರಳಿ ಬರುವುದೂ ಉಂಟು. ಕೊಯ್ಯೋದಿಲ್ಲ ಅನ್ನೋದೊಂದು ಬಿಟ್ಟರೆ ಇದೂ ಆಪರೇಷನ್ನೇ, ಸುಟ್ಟ ಜಾಗ ಮತ್ತೆ ಬರಲ್ಲ.

ಬುರುಡೆಯ ಮೂಳೆ ಹೊಂದದವರಿಗೆ, ಎಂಆರ್‌ಐಗೆ ಒಗ್ಗದ ಪೇಸ್‌ಮೇಕರ್ ಇರುವವರಿಗೆ ಇದು ಆಗಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕೈ ನಡುಗುತ್ತಿದ್ದರೆ ಮೊದಲು ನರರೋಗ ತಜ್ಞರ ಹತ್ತಿರ ಹೋಗಿ, ಯಾವ ನಡುಕ ಅಂತ ತಿಳಿದುಕೊಳ್ಳಿ. ಥೈರಾಯ್ಡ್ ಹೆಚ್ಚಾದರೂ, ಕೆಲವು ಮಾತ್ರೆಗಳಿಂದಲೂ ಕೈ ನಡುಗುತ್ತೆ, ಅದಕ್ಕೆ ಮಿದುಳಿನವರೆಗೆ ಹೋಗೋದೇ ಬೇಡ.