ಹೊಲದ ಹಾಡು ತಟ್ಟೆಗೆ ಬಂದ ಕಥೆ

ಕಲಬುರಗಿಯ ರೋಜಾ ಬಡಾವಣೆಗೆ ಆ ಹೆಸರು ಬಂದದ್ದು ಖಾಜಾ ಬಂದೇನವಾಜರ ಸಮಾಧಿಯಿಂದ. ದಖ್ಖನಿ ಮಾತಿನ ‘ಚಕ್ಕಿನಾಮಾ’ಗಳು, ಅಂದರೆ ಬೀಸುಕಲ್ಲಿನ ಹಾಡುಗಳು, ಬೆಳೆದುಬಂದದ್ದು ಇಂಥ ಸೂಫಿ ಪರಂಪರೆಯಲ್ಲಿಯೇ. ಕನ್ನಡದ ಗರತಿಯರೂ ಜೋಳ ಬೀಸುತ್ತ ತ್ರಿಪದಿಗಳನ್ನು ಹಾಡಿದರು. ಹಲಸಂಗಿಯ ಗೆಳೆಯರು ಅವನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚುಹಾಕಿಸಿದುದನ್ನು ನೀವು ಬಲ್ಲಿರಿ.

ಇಂಥ ಹಾಡು ಯಾರ ಸೊತ್ತು? ಅದು ಗ್ರಾಮಫೋನ್ ತಟ್ಟೆಯಾಗಿ ಮಾರಾಟವಾದರೆ ಹಣ ಯಾರಿಗೆ ಸಲ್ಲಬೇಕು? ಅಮೆರಿಕೆಗೆ ವಲಸೆ ಹೋದ ಕ್ರಿಸ್ ಸ್ಟ್ರಾಕ್‌ವಿಟ್ಸ್ ಎಂಬವರ ಬಾಳು ಈ ಪ್ರಶ್ನೆಗೆ ಒಂದು ಉತ್ತರ ಕೊಡುತ್ತದೆ.

ಅವರು ಆರಿಸಿಕೊಂಡದ್ದು ‘ಬ್ಲೂಸ್’ ಎಂಬ ಸಂಗೀತವನ್ನು. ಗುಲಾಮಗಿರಿ ಹೋದರೂ ಬಡತನ ಹೋಗದ ಕರಿಯ ಜನ, ಅಮೆರಿಕದ ದಕ್ಷಿಣ ಸಂಸ್ಥಾನಗಳ ಹತ್ತಿಯ ಹೊಲಗಳ ನಡುವೆ ಕಟ್ಟಿದ ಹಾಡು ಅದು. ಅದರ ಪದ್ಯಕ್ಕೆ ಸಾಮಾನ್ಯವಾಗಿ ಮೂರು ಸಾಲು. ಮೊದಲ ಸಾಲನ್ನೇ ಎರಡನೆಯದಾಗಿ ಮರಳಿ ಹಾಡುತ್ತಾರೆ. ಮೂರನೆಯದು ಅದಕ್ಕೆ ಉತ್ತರ ಹೇಳುತ್ತದೆ. ನಮ್ಮ ತ್ರಿಪದಿಯನ್ನು ಹಾಡುವಾಗಲೂ ಎರಡನೆಯ ಸಾಲಿನ ಭಾಗವನ್ನು ಮರಳಿಸುವುದುಂಟಷ್ಟೆ. ಒಂದರಿಂದ ಒಂದು ಹುಟ್ಟಿತೆಂದು ಇದರ ಅರ್ಥವಲ್ಲ. ದುಡಿಯುವ ಕೈಗೆ ಜೊತೆಯಾಗುವ ಹಾಡಿಗೆ ಪುನರುಕ್ತಿ ಎಲ್ಲೆಲ್ಲೂ ಒಗ್ಗುತ್ತದೆ, ಅಷ್ಟೆ.

ಸ್ಟ್ರಾಕ್‌ವಿಟ್ಸ್ ಹುಟ್ಟಿದ್ದು 1931ರ ಜುಲೈ 1ರಂದು, ಆಗ ಜರ್ಮನಿಗೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ಸೈಲೀಷಿಯಾ ಪ್ರಾಂತದಲ್ಲಿ. ಅದೊಂದು ಜಹಗೀರುದಾರ ಮನೆತನ. 1945ರಲ್ಲಿ ರಷ್ಯದ ಸೈನ್ಯ ಮುಂದೊತ್ತಿ ಬಂದಾಗ ಮನೆಮಾರು ಬಿಟ್ಟು ಓಡಬೇಕಾಯಿತು. 1947ರಲ್ಲಿ ಕುಟುಂಬ ಅಮೆರಿಕೆಯನ್ನು ಸೇರಿತು. ಆಗ ಹುಡುಗನಿಗೆ ಹದಿನಾರರ ವಯಸ್ಸು. ಇಂಗ್ಲಿಷೂ ಸರಿಯಾಗಿ ಬಾರದು. ಹೊಸ ನಾಡಿನಲ್ಲಿ ಅವನಿಗೆ ಗೆಳೆಯನಾದದ್ದು ರೇಡಿಯೋ. ಕ್ಯಾಲಿಫೋರ್ನಿಯಾದ ವಸತಿಶಾಲೆಯಲ್ಲಿ ಕುಳಿತು, ಲಾಸ್ ಏಂಜಲೀಸಿನಿಂದ ಬಿತ್ತರವಾಗುತ್ತಿದ್ದ ಕರಿಯರ ಸಂಗೀತವನ್ನು ಕೇಳಿ ಅವನು ಮರುಳಾದನು.

ಮುಂದೆ ಅವರು ಜರ್ಮನ್ ಭಾಷೆಯ ಶಾಲಾಮಾಸ್ತರರಾದರು. 1959ರ ರಜೆಯಲ್ಲಿ ಟೆಕ್ಸಾಸಿನ ಹ್ಯೂಸ್ಟನ್ನಿಗೆ ಹೋಗಿ ಲೈಟ್ನಿನ್ ಹಾಪ್ಕಿನ್ಸ್ ಎಂಬ ಗಾಯಕರನ್ನು ಕಂಡರು. ಅಂದಂದಿನ ಸುಖದುಃಖಗಳನ್ನು ಅಲ್ಲಿಯೇ ಪದಕಟ್ಟಿ ಹಾಡುವ ಆ ಪರಿ, ಸ್ಟುಡಿಯೋದ ತಟ್ಟೆಗಳಲ್ಲಿ ಸಿಗುವಂಥದಾಗಿರಲಿಲ್ಲ. ಆದುದರಿಂದ ಯಂತ್ರವೇ ಹಾಡುಗಾರರ ಮನೆಗೆ ಹೋಗಬೇಕೆಂದು ಅವರು ನಿಶ್ಚಯಿಸಿದರು.

ಮರುವರ್ಷ ನವಸೋಟ ಎಂಬ ಊರಿನಲ್ಲಿ ಮ್ಯಾನ್ಸ್ ಲಿಪ್ಸ್ಕಂಬ್ ಸಿಕ್ಕರು. ಅರವತ್ತೈದರ ಆ ರೈತ ಜೀವಮಾನವೆಲ್ಲ ಹೊಲದಲ್ಲಿ ದುಡಿದವರು. ಧ್ವನಿಮುದ್ರಣ ಅವರ ಮನೆಯಲ್ಲಿಯೇ ನಡೆಯಿತು. 1960ರ ಕೊನೆಗೆ ಹೊರಬಂದ ಆ ಮೊದಲ ತಟ್ಟೆಯ ಪ್ರತಿಗಳು ಕೇವಲ 250. ಕಂಪನಿಗೆ ‘ಆರ್ಹೂಲಿ’ ಎಂದು ಹೆಸರಾಯಿತು. ಹೊಲದಲ್ಲಿ ದುಡಿಯುವವರು ಎತ್ತುವ ಕೂಗುಹಾಡಿಗೆ ಆ ಹೆಸರುಂಟು. ಬ್ಲೂಸ್ ಅಲ್ಲದೆ ಲೂಯಿಸಿಯಾನದ ಫ್ರೆಂಚ್ ಮಾತಿನ ಕರಿಯರ ಹಾಡು, ಮೆಕ್ಸಿಕೋ ಗಡಿಯ ಸ್ಪ್ಯಾನಿಷ್ ಹಾಡು ಇವೂ ಕಾಲಕ್ರಮದಲ್ಲಿ ತಟ್ಟೆಗೆ ಬಂದವು.

ಇನ್ನು ಹಣದ ಮಾತು. ಮಿಸಿಸಿಪಿಯ ಫ್ರೆಡ್ ಮ್ಯಾಕ್‌ಡವೆಲ್ ಆರ್ಹೂಲಿಗಾಗಿ ಹಾಡಿದ್ದ ಒಂದು ಹಳೆಯ ಭಕ್ತಿಗೀತೆಯನ್ನು 1971ರಲ್ಲಿ ಇಂಗ್ಲೆಂಡಿನ ಪ್ರಖ್ಯಾತ ರೋಲಿಂಗ್ ಸ್ಟೋನ್ಸ್ ತಂಡ ಹಾಡಿತು. ಹಾಡು ಎಲ್ಲರದೆಂದು ಕೈಬಿಡುವುದು ಸುಲಭವಾಗಿತ್ತು. ಆದರೆ ಅದಕ್ಕೆ ಆ ರೂಪ ಕೊಟ್ಟ ಕೊರಳು ಮ್ಯಾಕ್‌ಡವೆಲ್ಲರದು. ಸ್ಟ್ರಾಕ್‌ವಿಟ್ಸ್ ಪಟ್ಟು ಹಿಡಿದು ಅವರಿಗೆ ಗೌರವಧನ ಸಲ್ಲುವಂತೆ ಮಾಡಿದರು. 1972ರಲ್ಲಿ ಕಣ್ಣುಮುಚ್ಚುವ ಮುನ್ನವೇ ಹಣ ಅವರ ಕೈಸೇರಿತು. ಹೆಸರು ಬರೆದಿಟ್ಟುಕೊಂಡ ಕಂಪನಿಯಿದ್ದುದರಿಂದಲೇ ಇದು ಸಾಧ್ಯವಾಯಿತೆಂಬುದನ್ನು ಗಮನಿಸಬೇಕು.

ಆರ್ಹೂಲಿಯ ಭಂಡಾರವನ್ನು 2016ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ವಹಿಸಿಕೊಂಡಿತು. ಸ್ಟ್ರಾಕ್‌ವಿಟ್ಸ್ 2023ರ ಮೇ ತಿಂಗಳಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮಲ್ಲಿ ಬೀಸುಕಲ್ಲಿನ ಜಾಗಕ್ಕೆ ಗಿರಣಿ ಬಂದಿದೆ. ಪದಗಳು ಮಾತ್ರ ಇನ್ನೂ ಕೆಲವು ಅಜ್ಜಿಯರ ಬಾಯಲ್ಲಿವೆ. ಇಂದು ಅವನ್ನು ಹಿಡಿದಿಡುವ ಯಂತ್ರಕ್ಕಾಗಿ ಯಾರೂ ದೂರ ಹೋಗಬೇಕಾಗಿಲ್ಲ. ಅದು ಮನೆಮನೆಯ ಫೋನಿನಲ್ಲಿದೆ. ಹಾಡಿಸಿ ಉಳಿಸಿಕೊಳ್ಳಿರಿ. ಜೊತೆಗೆ ಹಾಡಿದವರ ಹೆಸರು, ಊರು, ದಿನ ಇಷ್ಟನ್ನೂ ತಪ್ಪದೆ ಬರೆದಿಡಿರಿ. ‘ಜಾನಪದ’ ಎಂಬ ಒಂದೇ ಮಾತಿನ ಕೆಳಗೆ ಆ ತಾಯಿಯ ಹೆಸರು ಮರೆಯಾಗಿ ಹೋಗಬಾರದು.