ಓಡುತ್ತಿರುವ ತಂತ್ರಾಂಶದ ಕೈಯಲ್ಲಿ ಯಾವ ಪಾತ್ರೆ?



ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಒಂದು ಮದುವೆ ನಡೆಯುತ್ತಿದೆ ಎಂದುಕೊಳ್ಳಿ. ಐನೂರು ಜನರಿಗೆ ಅನ್ನ ಬೇಯಿಸುವ ಹಂಡೆಯನ್ನು ಯಾರೂ ಒಂದು ದಿನಕ್ಕಾಗಿ ಕೊಳ್ಳುವುದಿಲ್ಲ. ಊರಿಗೆಲ್ಲ ಸೇರಿದ ಪಾತ್ರೆಗಳನ್ನು ಗುಡಿಯ ಉಗ್ರಾಣದಿಂದ ತಂದು ಬಳಸುತ್ತಾರೆ.

ಗಣಕದಲ್ಲಿಯೂ ಹೀಗೆಯೇ. ಅನೇಕ ತಂತ್ರಾಂಶಗಳಿಗೆ ಬೇಕಾಗುವ ಕೆಲಸಗಳನ್ನು ಬೇರೆ ಕಡತಗಳಲ್ಲಿ ಬರೆದಿಟ್ಟಿರುತ್ತಾರೆ. ಇವೇ 'ಶೇರ್ಡ್ ಲೈಬ್ರರಿ'ಗಳು. ವಿಂಡೋಸ್‌ನಲ್ಲಿ ಇವಕ್ಕೆ ಡಿ.ಎಲ್.ಎಲ್. ಎಂದು ಹೆಸರು. ಉದಾಹರಣೆಗೆ 'ಸ್ತ್ರೀ' ಎಂಬ ಅಕ್ಷರವನ್ನು ನೋಡಿ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಸಾಲು. ಲಿನಕ್ಸ್‌ನಲ್ಲಿ ಆ ಆರನ್ನು ಜೋಡಿಸಿ ಒತ್ತಕ್ಷರವಾಗಿ ಅಣಿಗೊಳಿಸುವುದು ಹೆಚ್ಚಾಗಿ 'ಹಾರ್ಫ್‌ಬಜ್' ಎಂಬ ಲೈಬ್ರರಿ. ಹತ್ತು ತಂತ್ರಾಂಶಗಳು ಅದೇ ಕಡತವನ್ನು ಬಳಸಿದರೂ ಅದರ ಆದೇಶಗಳು ಸ್ಮೃತಿಯಲ್ಲಿ ಒಂದೇ ಪ್ರತಿಯಾಗಿ ಇದ್ದರೆ ಸಾಕು. ಇದರಿಂದ ಜಾಗ ಉಳಿಯುತ್ತದೆ.

ಹಾಗಾದರೆ ಈಗ ಓಡುತ್ತಿರುವ ತಂತ್ರಾಂಶ ಯಾವ ಯಾವ ಲೈಬ್ರರಿಗಳನ್ನು ಹಿಡಿದುಕೊಂಡಿದೆ? 'ಎಲ್‌ಡಿಡಿ' ಎಂಬ ಆದೇಶ ಕೊಡುವುದು, ತಂತ್ರಾಂಶ ಆರಂಭವಾಗುವಾಗ ಬೇಕಾಗುವವುಗಳ ಪಟ್ಟಿಯನ್ನು ಮಾತ್ರ. ಅದು ಅಡುಗೆಯವರು ಮೊದಲೇ ಬರೆದುಕೊಟ್ಟ ಚೀಟಿಯಿದ್ದಂತೆ. ನಡುವೆ ಬೇಕಾಗಿ ತರಿಸಿದ ಪಾತ್ರೆ ಆ ಚೀಟಿಯಲ್ಲಿ ಇರುವುದಿಲ್ಲ.

ನಿಜ ತಿಳಿಯಬೇಕಾದರೆ ಅಡುಗೆಮನೆಗೇ ಹೋಗಿ ನೋಡಬೇಕು. ಲಿನಕ್ಸ್‌ನಲ್ಲಿ ಓಡುವ ಪ್ರತಿಯೊಂದು ಪ್ರಕ್ರಿಯೆಗೂ ಒಂದು ಸಂಖ್ಯೆ ಇರುತ್ತದೆ. 'ಪ್ರಾಕ್' ಎಂಬ ಕೋಶದೊಳಗೆ ಆ ಸಂಖ್ಯೆಯ ಹೆಸರಿನ ಕೋಶ, ಅದರೊಳಗೆ 'ಮ್ಯಾಪ್ಸ್' ಎಂಬ ಕಡತ ಇದೆ. ಅದನ್ನು ತೆರೆದರೆ ಸ್ಮೃತಿಯ ಯಾವ ಭಾಗಕ್ಕೆ ಯಾವ ಕಡತ ಜೋಡಣೆಯಾಗಿದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಒಂದೇ ಲೈಬ್ರರಿಯ ಹೆಸರು ನಾಲ್ಕೈದು ಸಾಲುಗಳಲ್ಲಿ ಬಂದರೆ ಗಾಬರಿಯಾಗಬೇಡಿ. ಅವು ಬೇರೆ ಬೇರೆ ಪ್ರತಿಗಳಲ್ಲ, ಒಂದೇ ಕಡತದ ಭಾಗಗಳು. ಬೇರೆ ಬಳಕೆದಾರರ ಪ್ರಕ್ರಿಯೆಯನ್ನು ನೋಡಲು ಮಾತ್ರ ಮೇಲಿನ ಅಧಿಕಾರ ಬೇಕು. ವಿಂಡೋಸ್‌ನಲ್ಲಿ 'ಟಾಸ್ಕ್‌ಲಿಸ್ಟ್' ಆದೇಶಕ್ಕೆ 'ಎಂ' ಎಂಬ ಆಯ್ಕೆ ಸೇರಿಸಿದರೆ ಇಂಥದೇ ಪಟ್ಟಿ ದೊರೆಯುತ್ತದೆ.

ಇಷ್ಟೆಲ್ಲ ಏಕೆ ಎನ್ನುವಿರಾ? 2014ರ ಏಪ್ರಿಲ್‌ನಲ್ಲಿ 'ಓಪನ್ ಎಸ್‌ಎಸ್‌ಎಲ್' ಲೈಬ್ರರಿಯಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಬಯಲಾಯಿತು. ಹೊರಗಿನವರು ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಸರ್ವರ್‌ನ ಸ್ಮೃತಿಯನ್ನು ಓದಬಹುದಾಗಿತ್ತು, ಪಾಸ್‌ವರ್ಡ್‌ಗಳೂ ಸೋರಬಹುದಾಗಿತ್ತು. ತಿದ್ದಿದ 1.0.1ಜಿ ಆವೃತ್ತಿ ಬಂತು. ಆದರೆ ಡಿಸ್ಕಿನಲ್ಲಿ ಹೊಸ ಕಡತ ಇಟ್ಟಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಉಗ್ರಾಣಕ್ಕೆ ಹೊಸ ಹಂಡೆ ಬಂದರೂ ಮದುವೆಮನೆಯ ಒಲೆಯ ಮೇಲೆ ತೂತುಬಿದ್ದ ಹಳೆಯ ಹಂಡೆಯೇ ಇರುತ್ತದಲ್ಲವೇ? ಹಾಗೆಯೇ, ಓಡುತ್ತಿದ್ದ ಪ್ರಕ್ರಿಯೆಗಳು ಮರಳಿ ಆರಂಭಿಸುವವರೆಗೂ ಹಳೆಯ ಲೈಬ್ರರಿಯನ್ನೇ ಹಿಡಿದಿರುತ್ತವೆ. 'ಮ್ಯಾಪ್ಸ್' ಕಡತದಲ್ಲಿ ಅಂಥ ಹೆಸರಿನ ಮುಂದೆ 'ಡಿಲೀಟೆಡ್' ಎಂಬ ಗುರುತು ಕಾಣುತ್ತದೆ. ಆ ಒಂದು ಪದವೇ ಎಚ್ಚರಿಕೆಯ ಗಂಟೆ.

ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಲಿನಕ್ಸ್ ಇದ್ದರೆ ಇದನ್ನು ಮಾಡಿ ನೋಡಿ. ಟೆಕ್ಸ್ಟ್ ಎಡಿಟರ್ ತೆರೆದು 'ಬಂಡ್ರಿ' ಎಂದು ಬೆರಳಚ್ಚಿಸಿ. ಅದರ ಪ್ರಕ್ರಿಯೆಯ ಸಂಖ್ಯೆ ಹುಡುಕಿ, 'ಮ್ಯಾಪ್ಸ್' ಓದಿ. ಹಾರ್ಫ್‌ಬಜ್ ಸಿಕ್ಕಿತೇ? ಡಿಸ್ಕಿನಲ್ಲಿ ಇರುವುದು ಒಂದು, ಓಡುತ್ತಿರುವುದು ಇನ್ನೊಂದು ಆಗಿರಬಹುದು. ಸಂದೇಹ ಬಂದಾಗ ಉಗ್ರಾಣವನ್ನಲ್ಲ, ಒಲೆಯ ಮೇಲಿರುವುದನ್ನು ನೋಡಿ.